ಡಿಕ್ಕಿ ಎಂಬ ಕೊನೆಯ ಮಾತು

"ಇವತ್ತು ಸಂಜೆ ಸಹಿ ಹಾಕಿಸ್ಕೊಳ್ತಾರಂತೆ," ಎಂದಳು ಆ ಹೆಂಗಸು, ಹೊಸ್ತಿಲು ದಾಟುವ ಮೊದಲೇ. "ತಾನೇ ಕೊಂದದ್ದು ಅಂತ. ಇವರೂ ಹಾಕ್ತೀನಿ ಅಂತ ಕೂತಿದಾರೆ."

ಬೆಳಗಿನ ಮಂಜು ಇನ್ನೂ ಬೀದಿಯನ್ನು ಬಿಟ್ಟಿರಲಿಲ್ಲ. ಎದುರು ಮನೆಯ ಗೋಡೆಯೇ ಕಾಣುತ್ತಿರಲಿಲ್ಲ. ಅವಳ ಮೊಣಕೈವರೆಗೆ ಮೈದಾಹಿಟ್ಟು ಒಣಗಿ ಅಂಟಿತ್ತು. ಬೇಕರಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಳು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ತುಟಿಯನ್ನಷ್ಟೇ ಆಡಿಸುತ್ತ, ಬಂದವಳ ಮಾತನ್ನು ಸದ್ದಿಲ್ಲದೆ ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದರು.

ಅದು ಅವರ ಹಳೆಯ ಚಾಳಿ. ವಯಸ್ಸಿರುವಷ್ಟು ದಿನವೂ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದವರು. ಕಳ್ಳರ, ಸಾಕ್ಷಿಗಳ, ಕೊಲೆಗಾರರ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿ ದಾಟಿಸಿ, ನಿವೃತ್ತಿಯಾದ ಮೇಲೂ ಬಾಯಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಪೊಲೀಸರಿಗೆ ಬಿಡಿಸಲಾಗದ ಗಂಟು ಬಿದ್ದಾಗ ಜನ ನಮ್ಮ ಮನೆಯ ದಾರಿ ಹಿಡಿಯುತ್ತಿದ್ದರು. ನಾನು ಅವರ ಅಕ್ಕನ ಮಗ. ಅವರ ಮಂಡಿನೋವಿಗೆ ಊರುಗೋಲು, ಬೈಗುಳಕ್ಕೆ ಕಿವಿ.

"ಕೂತ್ಕೊಳಮ್ಮ," ಎಂದರು ಚಿಕ್ಕಮ್ಮ. "ಬಾಲದಿಂದ ಶುರು ಮಾಡಬೇಡ. ತಲೆಯಿಂದ ಹೇಳು."

ಅವಳ ಗಂಡ ಪಿಟೀಲು ಮೇಷ್ಟ್ರ ಕಾರಿನ ಡ್ರೈವರ್. ಅಷ್ಟು ಕೇಳಿದ್ದೇ ನಮಗೆ ತಲೆಯ ಭಾಗ ಗೊತ್ತಾಗಿಹೋಯಿತು. ಏಕೆಂದರೆ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ಸತ್ತಾಗ ನಾವಿಬ್ಬರೂ ಅದೇ ಸಭಾಂಗಣದಲ್ಲಿ ಕೂತಿದ್ದೆವು.

ಮೊದಲ ಅರ್ಧದಲ್ಲಿ ಮೇಷ್ಟ್ರ ಅಳಿಯನ ಪಿಯಾನೋ, ಮಗಳ ಚೆಲ್ಲೋ. ಮಧ್ಯಂತರದ ನಂತರ ಮೇಷ್ಟ್ರೇ ಬಂದು ಪಿಟೀಲು ಹಿಡಿಯಬೇಕಿತ್ತು. ಅಳಿಯ ಗೂಳಿಯಂಥ ಆಳು. ಕಪ್ಪು ಕೋಟು, ಎದೆಯ ಮೇಲೆ ಗಾಜಿನಂತೆ ಹೊಳೆಯುವ ಬಿಳುಪು. ನುಡಿಸುತ್ತ ಮತ್ತೆ ಮತ್ತೆ ಗಲ್ಲ ಮೇಲೆತ್ತುತ್ತಿದ್ದ, ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಪಾಪ, ಸಂಗೀತದಲ್ಲಿ ಮುಳುಗಿಹೋಗಿದ್ದಾನೆ ಎಂದು ನಾನು ಚಿಕ್ಕಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ. ಮುಳುಗೋರು ಹಾಗೇ ಕಾಣೋದು ಎಂದು ಅವರೂ ಪಿಸುಗುಟ್ಟಿದರು. ಮಗಳು ಮೊದಲಲ್ಲೇ ಒಂದು ಕಡೆ ಗಂಡನತ್ತ ನೋಡಿ ತಾಳ ತಪ್ಪಿದಳು. ಆಮೇಲೆ ಅವಳು ಆ ಕಡೆ ತಿರುಗಲಿಲ್ಲ. ಮಧ್ಯಂತರ ಮುಗಿಯಲೇ ಇಲ್ಲ. ಸಭಾಂಗಣದ ಮಾಲೀಕ ಪರದೆಯ ಮುಂದೆ ಬಂದು ನಿಂತಾಗ ಅವನ ಅಂಗೈ ಕೆಂಪಾಗಿತ್ತು. ಮನೆಗೆ ಹೋಗಿ ಎಂದು ಆ ಕೈಯಿಂದಲೇ ಸನ್ನೆ ಮಾಡಿದ.

ಉಳಿದದ್ದನ್ನು ಡ್ರೈವರನ ಹೆಂಡತಿ ಹೇಳಿದಳು. ಮೇಷ್ಟ್ರನ್ನು ಕರೆಯಲು ಹೋದ ಮಾಲೀಕನಿಗೆ ಗ್ರೀನ್ ರೂಮಿನಲ್ಲಿ ಯಾರೂ ಸಿಗಲಿಲ್ಲ. ಹಿಂಬಾಗಿಲು ತೆರೆದಿತ್ತು. ಹೊರಗಿನ ಓಣಿಯಲ್ಲಿ, ಕಲ್ಲು ಮೆಟ್ಟಿಲಿಗೂ ಕಾರಿನ ಹಿಂಭಾಗಕ್ಕೂ ನಡುವೆ ಮೇಷ್ಟ್ರು ಬಿದ್ದಿದ್ದರು. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಇನ್ನೂ ಉಸಿರಿತ್ತು. ಮಾಲೀಕ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಾಗ ಅವರು ಕಣ್ಣು ಬಿಟ್ಟು "ಡಿಕ್ಕಿ" ಎಂದರು. ಮತ್ತೊಮ್ಮೆ, ಬಹಳ ಕಷ್ಟಪಟ್ಟು, "ಡಿಕ್ಕಿ." ಆಸ್ಪತ್ರೆ ತಲುಪುವ ಮೊದಲೇ ಹೋದರು.

ಇನ್‌ಸ್ಪೆಕ್ಟರಿಗೆ ಅನುಮಾನವೇ ಬರಲಿಲ್ಲ. ಡಿಕ್ಕಿ ಎಂದರೆ ಡಿಕ್ಕಿ. ಕಾರು ಬಂದು ಡಿಕ್ಕಿ ಹೊಡೆದಿದೆ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಡ್ರೈವರ್ ಆ ಓಣಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆದದ್ದು ನಿಜ. ಏನೋ ಧಡ್ ಎಂದದ್ದೂ ನಿಜ. ಚಕ್ರ ಕಲ್ಲಿನ ಅಂಚು ಹತ್ತಿಳಿಯಿತು ಅಂದುಕೊಂಡು ಚಹಾ ಕುಡಿಯಲು ಹೋದನಂತೆ. ಈಗ ಲಾಕಪ್ಪಿನಲ್ಲಿ ಕೂತು, ಅದು ಕಲ್ಲಲ್ಲ, ಮೇಷ್ಟ್ರು ಎಂದು ಗೋಳಾಡುತ್ತಿದ್ದ. ಅದರ ಮೇಲೆ ಮಾಲೀಕ ಇನ್ನೊಂದು ಮಾತು ಎತ್ತಿದ. ಮೇಷ್ಟ್ರು ಕಾರಿನ ಡಿಕ್ಕಿಯ ಕಡೆಗೇ ಕೈ ಚಾಚಿದಂತಿತ್ತು, ಅದರಲ್ಲಿ ಏನೋ ಇರಬೇಕು. ಪೊಲೀಸರು ಡಿಕ್ಕಿ ತೆಗೆದು ನೋಡಿದರೆ ಹಳೆಯ ಹೊದಿಕೆಯ ಕೆಳಗೆ ರಕ್ತ ಮೆತ್ತಿದ ಬಿಳಿ ಬಟ್ಟೆ. ಗುದ್ದಿದ್ದಾನೆ, ಕಾರಿಗೆ ಹತ್ತಿದ ರಕ್ತ ಒರೆಸಿದ್ದಾನೆ, ಬಟ್ಟೆ ಬಚ್ಚಿಟ್ಟಿದ್ದಾನೆ, ಒದ್ದಾಡುವ ಮುದುಕನನ್ನು ಬಿಟ್ಟು ಚಹಾಕ್ಕೆ ಹೋಗಿದ್ದಾನೆ. ಇನ್ನೇನು ಬೇಕು?

"ಆ ಬಟ್ಟೆ ಇವರದಲ್ಲ," ಎಂದಳು ಹೆಂಡತಿ. "ಆದರೆ ಈಗ ಇವರೇ ಅದೂ ತಮ್ಮದೇ ಇರಬೇಕು ಅಂತಿದಾರೆ. ಮೇಷ್ಟ್ರ ಅಳಿಯಂದಿರು ಪಕ್ಕದಲ್ಲೇ ಕೂತು ಸಮಾಧಾನ ಮಾಡ್ತಿದಾರಮ್ಮ. ಒಪ್ಕೊಂಡುಬಿಡು, ಬೇಕಂತ ಮಾಡಿದ್ದಲ್ಲ ಅಂತ ನಾನೇ ಹೇಳ್ತೀನಿ, ಬೇಗ ಬಿಡ್ತಾರೆ ಅಂತ. ಇವರು ಅವರನ್ನ ದೇವರು ಅಂತಾರೆ."

"ನೀನು ಏನಂತೀಯ?"

"ಮಾವ ಸತ್ತ ಮನೆ ಬಿಟ್ಟು, ಅಳೋ ಹೆಂಡತಿ ಬಿಟ್ಟು, ದೇವರಿಗೆ ಪೊಲೀಸ್ ಸ್ಟೇಷನ್ನಲ್ಲಿ ಏನು ಕೆಲಸ ಅಂತೀನಿ."

ಚಿಕ್ಕಮ್ಮ ಕಣ್ಣು ತೆರೆದರು. ನನ್ನ ಕಡೆ ಕೈ ಚಾಚಿದರು. ಅದರ ಅರ್ಥ ಎಬ್ಬಿಸು ಎಂದು.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ನಮ್ಮನ್ನು ಕಂಡು ಎದ್ದು ನಿಂತ. ಗೌರವಕ್ಕೋ ಭಯಕ್ಕೋ ಹೇಳುವುದು ಕಷ್ಟ. ಹಿಂದೆ ಕಟಕಟೆಯಲ್ಲಿ ಅವನ ಸಾಕ್ಷ್ಯವನ್ನು ಅನುವಾದಿಸುವಾಗ ಚಿಕ್ಕಮ್ಮ ಅವನ ವ್ಯಾಕರಣವನ್ನೂ ತಿದ್ದಿದ್ದರು. ಕೇಸು ಮುಗಿದಂತೆಯೇ, ಸುಮ್ಮನೆ ಮಂಡಿಗೆ ಶ್ರಮ ಎಂದ. ಚಿಕ್ಕಮ್ಮ ಬಟ್ಟೆ ತೋರಿಸು ಎಂದರು.

ಅದು ಹರಿದ ಚಿಂದಿಯಲ್ಲ. ಮಗುವಿಗೆ ಊಟಕ್ಕೆ ಕೂರಿಸುವಾಗ ಕತ್ತಿಗೆ ಕಟ್ಟುವ ಬಟ್ಟೆಯ ಆಕಾರ, ಆದರೆ ದೊಡ್ಡವರ ಅಳತೆ. ತೋಳಿಲ್ಲ, ಬೆನ್ನಿಲ್ಲ. ಮೇಲೆ ಅಗಲವಾದ ಕಾಲರು, ನಡುವೆ ಗುಂಡಿತೂತುಗಳ ಸಾಲು. ಎದೆಯ ಭಾಗದಲ್ಲಿ ಕಂದುಬಣ್ಣಕ್ಕೆ ತಿರುಗಿದ ದೊಡ್ಡ ಕಲೆ. ಚಿಕ್ಕಮ್ಮ ಅದರ ಅಂಚನ್ನು ಉಗುರಿನಿಂದ ಕೆರೆದರು. ಬಿಳಿಯ ಪುಡಿ ಉದುರಿತು.

"ಒರೆಸೋ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಡೋ ಡ್ರೈವರನ್ನ ನೀನೆಲ್ಲಾದರೂ ಕಂಡಿದೀಯೇನಪ್ಪ?" ಎಂದು ಕೇಳಿದರು.

ಕಾರಿನ ಸೀಟಿಗೆ ಹಾಕುವ ಕವರು ಇರಬಹುದು ಎಂದು ಇನ್‌ಸ್ಪೆಕ್ಟರ್ ಗೊಣಗಿದ. ಸತ್ತವರ ಮೈಮೇಲೆ ಏನೇನಿತ್ತು ಎಂದು ಚಿಕ್ಕಮ್ಮ ವಿಚಾರಿಸಿದರು. ಕಪ್ಪು ಕೋಟು, ಒಳಗೆ ಬನಿಯನ್ನು, ಪ್ಯಾಂಟು, ಬೂಟು. ಅಷ್ಟೇ? ಅಷ್ಟೇ. ದ್ವಿತೀಯಾರ್ಧಕ್ಕೆ ತಾನೇ ಬರಬೇಕಿತ್ತು, ಇನ್ನೂ ಪೂರ್ತಿ ತಯಾರಾಗಿರಲಿಲ್ಲ ಎಂದು ಅವನೇ ಕಾರಣವನ್ನೂ ಕೊಟ್ಟ. ಗ್ರೀನ್ ರೂಮನ್ನು ನಿನ್ನೆಯೇ ಮುಚ್ಚಿ ಮೊಹರು ಹಾಕಲಾಗಿತ್ತು. ಮಗಳೂ ಅಳಿಯನೂ ವೇದಿಕೆಯ ಬಟ್ಟೆ ಬಿಚ್ಚಿಟ್ಟು ಆಸ್ಪತ್ರೆಗೆ ಓಡಿದ ಕೂಡಲೇ.

ಲಾಕಪ್ಪಿನ ಸರಳುಗಳ ಹಿಂದೆ ಡ್ರೈವರ್ ಹೆಂಡತಿಯನ್ನು ಕಂಡು ಮುಖ ತಿರುಗಿಸಿಕೊಂಡ. ಸಹಿ ಮಾಡಬೇಡಿ ಎಂದು ಅವಳು ಬೇಡಿಕೊಂಡಳು. ಮೇಷ್ಟ್ರು ತನ್ನನ್ನು ಮಗನಂತೆ ನೋಡಿಕೊಂಡರು, ಅವರ ತಲೆ ಒಡೆದವನಿಗೆ ಇನ್ನು ಯಾವ ಮುಖ ಎಂದು ಅವನು ಗೋಡೆಗೆ ಹೇಳಿದ. ತಾನು ಮಾಡದ ಕೊಲೆಯನ್ನು ಅವನು ಆಗಲೇ ಕಣ್ಣಾರೆ ಕಂಡವನಂತೆ ವಿವರಿಸತೊಡಗಿದ್ದ.

ಅಲ್ಲಿಂದ ಆಸ್ಪತ್ರೆ. ಡಾಕ್ಟರು ಮೇಷ್ಟ್ರ ಹಳೆಯ ಗೆಳೆಯ. ಅವರ ಪ್ರಕಾರ ಇನ್‌ಸ್ಪೆಕ್ಟರಿಗೂ ಮಾಲೀಕನಿಗೂ ಇಬ್ಬರಿಗೂ ಇಂಗ್ಲಿಷ್ ಬಾರದು. ಮೇಷ್ಟ್ರು ಹರೆಯದಲ್ಲಿ ಪ್ರಯಾಣಿಕರ ಹಡಗುಗಳ ಬ್ಯಾಂಡಿನಲ್ಲಿದ್ದವರು. ಅಲ್ಲಿನ ನಾವಿಕರು, ಬಡಿಸುವವರು, ವಾದ್ಯದವರ ಬಾಯಿಂದ ಕಲಿತ ಪೋಲಿ ಇಂಗ್ಲಿಷೇ ಅವರ ಇಂಗ್ಲಿಷು.

"ನನ್ನ ಹತ್ರ ಬಂದಾಗೆಲ್ಲ ಹೇಳೋನು, ನೋಡಯ್ಯ, ಹಾರ್ಟು ಯಾಕೋ ಡಿಕ್ಕಿ ಅಂತ. ಅಂದರೆ ನೆಟ್ಟಗಿಲ್ಲ, ಕೈಕೊಡೋ ಹಾಗಿದೆ ಅಂತ. ಎದೆ ಹಿಡ್ಕೊಂಡಿದೆ, ಹಿಂದಕ್ಕೆ ಬಿದ್ದಿದಾನೆ, ಮೆಟ್ಟಿಲ ಅಂಚು ತಲೆಗೆ ತಾಗಿದೆ. ಕಾರೂ ಇಲ್ಲ, ಕೊಲೆಯೂ ಇಲ್ಲ."

ಕಾರು ತಾಗಿದ ಗುರುತು ಮೈಮೇಲೆ ಎಲ್ಲಾದರೂ ಇತ್ತೇ ಎಂದು ಚಿಕ್ಕಮ್ಮ ಕೇಳಿದರು. ಇರಲಿಲ್ಲ. ಹಿಂದಕ್ಕೆ ಬಿದ್ದವರ ತಲೆಯ ರಕ್ತ ಅವರದೇ ಎದೆಯ ಮೇಲೆ ಬರುತ್ತದೆಯೇ? ಡಾಕ್ಟರು ಯೋಚಿಸಿ, ಬರದು ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾರೂ ಕೇಳದ ಒಂದು ಮಾತು ಹೇಳಿದರು. ಬಿದ್ದ ತಕ್ಷಣ ಯಾರಾದರೂ ಎತ್ತಿ ತಂದಿದ್ದರೆ ಉಳಿಯುತ್ತಿದ್ದ. ಗೋಡೆಯ ಆಚೆ ಸಂಗೀತ ಕೇಳುತ್ತ, ಮೊದಲ ಅರ್ಧ ಮುಗಿಯುವವರೆಗೂ ರಕ್ತ ಹೋಗುತ್ತಲೇ ಇತ್ತು.

ಹೊರಗೆ ಬಂದಾಗ ನಾನು ತಡೆಯಲಾರದೆ, ಮೂರು ಜನ, ಮೂರು ಅರ್ಥ, ಇದರಲ್ಲಿ ಯಾವುದು ಸರಿ ಎಂದೆ.

"ಮೂರು ಜನವೂ ತಮ್ಮ ತಮ್ಮ ಕಿವೀನೇ ವಿಚಾರಿಸಿದಾರೆ," ಎಂದರು ಚಿಕ್ಕಮ್ಮ. "ಅಪಘಾತ ನೋಡೋನಿಗೆ ಅಪಘಾತ, ಕಾರು ಎದುರಿಗಿದ್ದೋನಿಗೆ ಕಾರು, ರೋಗ ನೋಡೋನಿಗೆ ರೋಗ. ಪದಕ್ಕೆ ಅರ್ಥ ಇರಲ್ಲ ಕಣೋ, ಬಾಯಿಗೆ ಇರುತ್ತೆ. ಆ ಬಾಯಿ ಯಾವುದು ಅಂತ ಡಾಕ್ಟರೊಬ್ಬರೇ ಯೋಚನೆ ಮಾಡಿದ್ದು. ಅವರೂ ಅರ್ಧದಾರಿಗೆ ನಿಂತುಬಿಟ್ಟರು."

ಮೇಷ್ಟ್ರ ಮನೆಯಲ್ಲಿ ಪರದೆಗಳೆಲ್ಲ ಇಳಿಬಿದ್ದಿದ್ದವು. ಮಗಳು ಗಲ್ಲದವರೆಗೂ ಶಾಲು ಸುತ್ತಿಕೊಂಡು, ಖಾಲಿ ಪಿಟೀಲು ಪೆಟ್ಟಿಗೆಯ ಪಕ್ಕ ಕೂತಿದ್ದಳು. ಅಳಿಯ ಆಗಷ್ಟೇ ಸ್ಟೇಷನ್ನಿನಿಂದ ಊಟಕ್ಕೆ ಬಂದಿದ್ದ. ಬಹಳ ವಿನಯ. ನಮಗೆ ಕುರ್ಚಿ ಎಳೆದ, ನೀರು ತಂದ. ಡ್ರೈವರನ ಮೇಲೆ ತನಗೆ ಸಿಟ್ಟಿಲ್ಲ ಎಂದ. ಚಿಕ್ಕಮ್ಮ ಏನು ಕೇಳಿದರೂ ಮಗಳನ್ನೇ ಕೇಳುತ್ತಿದ್ದರು. ಪ್ರತಿ ಸಲವೂ ಉತ್ತರ ಬರುತ್ತಿದ್ದದ್ದು ಅಳಿಯನಿಂದ. ಅವಳು ಬಾಯಿ ತೆರೆಯುವ ಮೊದಲು ಅವನ ಕೈ ಅವಳ ಹೆಗಲ ಮೇಲೆ ಹಗುರಾಗಿ ಬಂದು ಕೂರುತ್ತಿತ್ತು. ಅವಳು ತೆರೆಯುತ್ತಿರಲಿಲ್ಲ.

ಕೊನೆಗೆ ಚಿಕ್ಕಮ್ಮ, ವೇದಿಕೆಯ ಮೇಲೆ ಕೋಟಿನೊಳಗೆ ಗಂಡಸರು ಹಾಕುತ್ತಿದ್ದ ಆ ಗಂಜಿಯ ಬಟ್ಟೆ, ಅದಕ್ಕೆ ನಿಮ್ಮಪ್ಪ ಏನನ್ನುತ್ತಿದ್ದರಮ್ಮ ಎಂದು ಮಗಳನ್ನು ಕೇಳಿದರು.

"ಶರ್ಟು," ಎಂದ ಅಳಿಯ. "ಶರ್ಟಿಗೆ ಶರ್ಟು ಅನ್ನದೆ ಇನ್ನೇನಂತಾರೆ, ಅಮ್ಮಾ?" ನಕ್ಕ. ಮಗಳು ನೆಲ ನೋಡುತ್ತಿದ್ದಳು. ಶಾಲಿನ ಅಂಚನ್ನು ಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದವು.

ಸಂಜೆಗೆ ಮೊದಲೇ ಎಲ್ಲರನ್ನೂ ಸಭಾಂಗಣದ ವೇದಿಕೆಗೆ ಕರೆಸಿ ಎಂದು ಚಿಕ್ಕಮ್ಮ ಇನ್‌ಸ್ಪೆಕ್ಟರಿಗೆ ಹೇಳಿಕಳಿಸಿದರು. ಡ್ರೈವರನನ್ನೂ, ಸಹಿ ಹಾಕಬೇಕಾದ ಆ ಹೇಳಿಕೆಯನ್ನೂ ಜೊತೆಗೇ ತನ್ನಿ ಎಂದರು.

ಜನರಿಲ್ಲದ ಸಭಾಂಗಣಕ್ಕೆ ಒಂದು ಬಗೆಯ ಉಸಿರಿರುತ್ತದೆ. ಸಾಲು ಸಾಲು ಕುರ್ಚಿಗಳು ಮಡಚಿಕೊಂಡು, ನಮ್ಮ ಕಡೆಗೇ ಕಿವಿಗೊಟ್ಟಂತೆ ಕತ್ತಲಲ್ಲಿ ಕೂತಿದ್ದವು. ಪಿಯಾನೋಗೆ ಧೂಳಿನ ಹೊದಿಕೆ ಹಾಕಿದ್ದರು, ಹೆಣಕ್ಕೆ ಹೊದಿಸಿದ ಹಾಗೆ. ಒಂದೇ ಒಂದು ದೀಪ ಉರಿಯುತ್ತಿತ್ತು. ಅದರ ಕೆಳಗೆ ಡಾಕ್ಟರು, ಮಾಲೀಕ, ಮಗಳು, ಅಳಿಯ. ಬಾಗಿಲ ಬಳಿ ಬೇಡಿ ಹಾಕಿಸಿಕೊಂಡ ಡ್ರೈವರ್, ಅವನ ಪಕ್ಕ ಹೆಂಡತಿ. ಇನ್‌ಸ್ಪೆಕ್ಟರ್ ಗ್ರೀನ್ ರೂಮಿನ ಮೊಹರು ಒಡೆದು, ಚಿಕ್ಕಮ್ಮ ಕೇಳಿದ್ದನ್ನು ಕಾಗದದಲ್ಲಿ ಸುತ್ತಿ ತಂದಿಟ್ಟಿದ್ದ.

"ಸಾಯೋ ಮನುಷ್ಯ ಒಂದೇ ಮಾತಾಡಿದ," ಎಂದು ಚಿಕ್ಕಮ್ಮ ಶುರು ಮಾಡಿದರು. "ಅದಕ್ಕೆ ನೀವೆಲ್ಲ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದಿರಿ. ತಪ್ಪು ನಿಮ್ಮದಲ್ಲ. ಆ ಪದವೇ ಅಂಥದ್ದು, ಹತ್ತು ಮನೆ ಉಂಡ ಬೆಕ್ಕು."

ಕನ್ನಡದ ಡಿಕ್ಕಿ ನಮ್ಮದೇ ಎಂದರು. ಎರಡು ಗಟ್ಟಿ ವಸ್ತು ಗುದ್ದಿದಾಗ ಆಗುವ ಸದ್ದಿನಿಂದ ಹುಟ್ಟಿದ್ದಿರಬೇಕು. ಇಂಗ್ಲಿಷಿನ ಡಿಕ್ಕಿಗೂ ಅದಕ್ಕೂ ನೆಂಟಸ್ತನವಿಲ್ಲ, ಬರೀ ಹೆಸರು ಒಂದೇ. ಅದು ಬೀದಿಯಲ್ಲಿ ಬೆಳೆದ ಕೂಸು. ರಿಚರ್ಡ್ ಎನ್ನುವ ಹೆಸರನ್ನು ಮುದ್ದಿನಿಂದ ಮೊಟಕು ಮಾಡಿದ್ದು ಎನ್ನುತ್ತಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೆಲವು ಕಡೆ ಕತ್ತೆಯನ್ನು ಹಾಗೆ ಕರೆದರು. ಮಕ್ಕಳಿಗೆ ಹಕ್ಕಿ ತೋರಿಸುವಾಗ ಹಾಗೆ ಕರೆದರು. ಕುದುರೆಗಾಡಿಯಲ್ಲಿ ಸಾರಥಿ ಕೂರುವ ಸೀಟಿಗೆ ಹಾಗೆಂದರು, ಆಮೇಲೆ ಆಳುಗಳು ಕೂರುವ ಹಿಂದಿನ ಸೀಟಿಗೆ. ಗಾಡಿ ಹೋಗಿ ಕಾರು ಬಂತು, ಹಿಂದಿನ ಸೀಟು ಹೋಗಿ ಸಾಮಾನಿಡುವ ಜಾಗವಾಯಿತು, ಹೆಸರು ಮಾತ್ರ ಅಲ್ಲೇ ಉಳಿಯಿತು. ಅದು ಮಾಲೀಕರ ಡಿಕ್ಕಿ. ಇನ್ನೊಂದು ಕಡೆ, ಅಲುಗಾಡುವ, ನಂಬಲಾಗದ ವಸ್ತುವಿಗೆ ಡಿಕ್ಕಿ ಎಂದರು. ಅದು ಡಾಕ್ಟರ ಡಿಕ್ಕಿ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡು, ಶಾಲೆ ಬಿಟ್ಟು ಬಹಳ ದಿನವಾಯಿತು ಎಂದ.

"ಅದಕ್ಕೇ ಈ ಗತಿ," ಎಂದರು ಚಿಕ್ಕಮ್ಮ. "ಇನ್ನೊಂದು ಉಳಿದಿದೆ. ಪೂರ್ತಿ ಶರ್ಟು ಹಾಕದೆ, ಹಾಕಿದ ಹಾಗೆ ಕಾಣಬೇಕು. ಬಡ ಗುಮಾಸ್ತರು, ಹೋಟೆಲಿನಲ್ಲಿ ಬಡಿಸೋರು, ವಾದ್ಯದವರು, ಇವರೆಲ್ಲ ಎದೆಗೆ ಮಾತ್ರ ಒಂದು ಗಂಜಿಯ ಮುಂಭಾಗ ಕಟ್ಟಿಕೊಂಡು ಮೇಲೆ ಕೋಟು ಹಾಕೋರು. ಬೆನ್ನಿಲ್ಲದ, ತೋಳಿಲ್ಲದ ಸುಳ್ಳು ಶರ್ಟು. ಅದರ ಹೆಸರೂ ಡಿಕ್ಕಿ. ಹಡಗಿನ ಬ್ಯಾಂಡಿನಲ್ಲಿ ಬೆಳೆದವನ ಬಾಯಲ್ಲಿ ಬೇರೆ ಹೆಸರು ಬರೋಕೆ ಸಾಧ್ಯವೇ ಇಲ್ಲ."

ಅವರು ರಕ್ತದ ಬಟ್ಟೆಯನ್ನು ಎತ್ತಿ ದೀಪದ ಕೆಳಗೆ ಹಿಡಿದರು. ಎಲ್ಲರೂ ಕಾರಿನ ಡಿಕ್ಕಿಯಲ್ಲಿ ಡಿಕ್ಕಿಯನ್ನೇ ಹುಡುಕಿ ತೆಗೆದಿದ್ದರು, ಯಾರಿಗೂ ಗೊತ್ತಾಗಿರಲಿಲ್ಲ.

"ಹಾಗಾದರೆ ಇದು ಮೇಷ್ಟ್ರದೇ," ಎಂದ ಇನ್‌ಸ್ಪೆಕ್ಟರ್. "ಅವರ ಮೈಮೇಲೆ ಇರಲಿಲ್ಲವಲ್ಲ. ಇವನು ಕಿತ್ತು ಒರೆಸಿದಾನೆ."

"ಕಾರು ಒರೆಸೋಕೆ ಸಾಯೋ ಮನುಷ್ಯನ ಕುತ್ತಿಗೆಯ ಗುಂಡಿ ಒಂದೊಂದಾಗಿ ಬಿಚ್ಚಿದನೇ? ಇರಲಿ. ಕಾಲರು ನೋಡು. ಮೇಷ್ಟ್ರ ಕುತ್ತಿಗೆ ಬಿದಿರುಕಡ್ಡಿ. ಇದರಲ್ಲಿ ಅಂಥ ಎರಡು ಹಿಡಿಸುತ್ತೆ."

ಕಾಗದದ ಪೊಟ್ಟಣ ಬಿಚ್ಚಿದರು. ಇನ್ನೊಂದು ಡಿಕ್ಕಿ, ಶುಭ್ರ ಬಿಳುಪು. ಅಳಿಯನ ಕೋಟಿನ ಜೊತೆ ಅದೇ ಗೂಟದಲ್ಲಿ ನೇತಾಡುತ್ತಿತ್ತು, ನಿನ್ನೆ ಅವನು ಬಿಚ್ಚಿಟ್ಟ ಹಾಗೆಯೇ. ಅದರ ಕಾಲರು ಕಿರಿದು. ಗುಂಡಿತೂತಿನ ಅಂಚು ಎಳೆತಕ್ಕೆ ಹರಿದಿತ್ತು. ಎಡಬದಿಯಲ್ಲಿ, ಪಿಟೀಲು ಗಲ್ಲಕ್ಕೆ ಒತ್ತುವ ಜಾಗದಲ್ಲಿ, ಮೆತ್ತನೆಯ ಬಟ್ಟೆಯ ತೇಪೆ ಹಾಕಿ ಹೊಲಿದಿತ್ತು.

"ಪಿಯಾನೋ ಗಲ್ಲಕ್ಕೆ ಒತ್ತುತ್ತಾ?" ಎಂದು ಚಿಕ್ಕಮ್ಮ ಅಳಿಯನನ್ನು ಕೇಳಿದರು. "ನಿನ್ನೆ ನೀನು ಗಲ್ಲ ಎತ್ತಿ ಎತ್ತಿ ಒದ್ದಾಡ್ತಿದ್ದೆ. ಈ ನನ್ನ ಅಕ್ಕನ ಮಗ ಸಂಗೀತ ಅಂದ. ಮಾವನ ಕಾಲರು ಅಳಿಯನ ಉಸಿರು ಕಟ್ಟಿಸ್ತಿತ್ತು. ಹಿಂಬಾಗಿಲಲ್ಲಿ ಜಗಳ ಆಯ್ತು. ತಳ್ಳಿದೆ. ಮೆಟ್ಟಿಲಿಗೆ ತಲೆ ಬಡಿಯಿತು. ಬಗ್ಗಿ ಎಳೆದು ಕಾರಿನ ಹಿಂದೆ ಹಾಕೋವಾಗ ಅವರ ತಲೆ ನಿನ್ನ ಎದೆಗೆ ಒರಗಿತು. ಕಪ್ಪು ಕೋಟಿನಲ್ಲಿ ರಕ್ತ ಕಾಣಲ್ಲ, ಬಿಳೀ ಮೇಲೆ ಕಾಣುತ್ತೆ. ಒಳಗೆ ಗಂಟೆ ಹೊಡೀತಿದೆ, ಪರದೆ ಏಳುತ್ತೆ. ಅವರ ಕೈಯಲ್ಲಿ ಇನ್ನೂ ಕಟ್ಟಿಕೊಳ್ಳದ ಶುಭ್ರವಾದದ್ದು ಒಂದಿತ್ತು. ಅದನ್ನ ಕಿತ್ತುಕೊಂಡು, ನಿನ್ನದನ್ನ ಬೀಗ ಹಾಕದ ಕಾರಿನ ಡಿಕ್ಕಿಯೊಳಗೆ ತುರುಕಿದೆ. ಅವರಿಗೆ ಪ್ರಜ್ಞೆ ಇತ್ತು. ನೋಡಿದರು. ಅವರು ಹೇಳಿದ್ದು ಒಂದೇ, ಆ ಡಿಕ್ಕಿ ಎಲ್ಲಿದೆ ನೋಡಿ ಅಂತ."

ಅಳಿಯ ನಿಧಾನವಾಗಿ ತಲೆಯಾಡಿಸಿದ. ಅವನ ದನಿಯಲ್ಲಿ ಆಗಲೂ ಅದೇ ವಿನಯ.

"ಚೆನ್ನಾಗಿ ಹೇಳಿದಿರಿ, ಅಮ್ಮಾ. ಆದರೆ ಎರಡೂ ಒಂದೇ ಗೂಟದಲ್ಲಿ ನೇತಾಕಿದ್ವಿ. ಗಡಿಬಿಡಿಯಲ್ಲಿ ನಾನು ಮಾವನದನ್ನ ಹಾಕ್ಕೊಂಡೆ, ಅವರು ನನ್ನದನ್ನ. ಡ್ರೈವರ್ ಕಿತ್ತು ಒರೆಸಿದ್ದು ಅವರ ಮೈಮೇಲಿದ್ದ ನನ್ನದನ್ನ, ರಕ್ತ ಇರೋದು ಅದಕ್ಕೇ. ಮಿಕ್ಕಿದ್ದು ಅವನನ್ನೇ ಕೇಳಿ. ಅವನೇ ಒಪ್ಪಿಕೊಂಡಿದಾನಲ್ಲ."

ಇನ್‌ಸ್ಪೆಕ್ಟರ್ ಚಿಕ್ಕಮ್ಮನ ಮುಖ ನೋಡಿದ. ಅದಲುಬದಲು ಎಂಬ ಒಂದೇ ಮಾತಿನಿಂದ ಕಟ್ಟಿದ್ದೆಲ್ಲ ಸಡಿಲವಾಗಿತ್ತು. ಬಾಗಿಲ ಬಳಿ ಡ್ರೈವರ್ ಪೆನ್ನಿಗಾಗಿ ಕೈ ಚಾಚಿದ್ದನ್ನು ನಾನು ನೋಡಿದೆ. ಅವನ ಹೆಂಡತಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಒತ್ತಿದಳು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದರು ಚಿಕ್ಕಮ್ಮ. ಅವರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಉತ್ತರ ಇರೋರು ಇಲ್ಲಿ ಒಬ್ಬರೇ ಇದಾರೆ. ಅವರು ನಿನ್ನೆ ಈ ವೇದಿಕೆ ಮೇಲೆ, ಇದೇ ಜಾಗದಲ್ಲಿ, ಒಂದು ಕುತ್ತಿಗೆ ನೋಡಿ ತಾಳ ತಪ್ಪಿದರು."

ಅಳಿಯನ ಕೈ ಹೆಂಡತಿಯ ಹೆಗಲ ಮೇಲೆ ಬಂದು ಕೂತಿತು.

"ಅವಳಿಗೇನೂ ಗೊತ್ತಿಲ್ಲ," ಎಂದ. "ಪಾಪ, ಅಪ್ಪನನ್ನ ಕಳ್ಕೊಂಡಿದಾಳೆ."

ಮಗಳ ಕಣ್ಣು ಬಾಗಿಲ ಕಡೆಗಿತ್ತು, ಆ ಒತ್ತಿ ಹಿಡಿದ ಕೈಗಳ ಕಡೆಗೆ. ಆಮೇಲೆ ಹೆಗಲಿನ ಮೇಲಿನ ಕೈಯನ್ನು, ಬೇರೆ ಯಾರದೋ ಬಿದ್ದುಹೋದ ವಸ್ತುವನ್ನು ಎತ್ತಿಡುವಂತೆ, ಎತ್ತಿ ಬದಿಗಿಟ್ಟಳು.

"ನಂಗೊತ್ತು," ಎಂದಳು. ದನಿ ತುಕ್ಕು ಹಿಡಿದಂತಿತ್ತು. "ಆ ತೇಪೆ ಬಿಟ್ಟಿತ್ತು. ನಿನ್ನೆ ನಾನೇ ಹೊಲಿದೆ. ಹಿಂಬಾಗಿಲ ಹತ್ರ, ಅಪ್ಪನ ಕೈಗೆ ನಾನೇ ಕೊಟ್ಟೆ. ಗಂಜಿ ಚುಚ್ಚುತ್ತೆ ಅಂತ ಅಪ್ಪ ಯಾವಾಗಲೂ ಕೊನೇಲಿ ಕಟ್ಕೊಳ್ಳೋರು. ಆಗ ಇವರು ತಮ್ಮದನ್ನ ಹಾಕ್ಕೊಂಡಾಗಿತ್ತು. ಅಪ್ಪ ನನಗೆ ಹೇಳಿದರು, ಕಾರ್ಯಕ್ರಮ ಮುಗಿದ ಮೇಲೆ ಇವನ ಜೊತೆ ಹೋಗಬೇಡ, ನನ್ನ ಜೊತೆ ಮನೆಗೆ ಬಾ, ನಾನೇ ಇವನಿಗೆ ಹೇಳ್ತೀನಿ ಅಂತ. ಇವರು ಬಾಗಿಲ ಹಿಂದೆ ನಿಂತಿದ್ರು. ನಾನು ಒಳಗೆ ಬಂದು ಚೆಲ್ಲೋ ಹಿಡ್ಕೊಂಡು ಕೂತೆ. ಇವರು ಬಂದು ಪಿಯಾನೋ ಮುಂದೆ ಕೂತರು. ನನ್ನ ಹೊಲಿಗೆ ಇವರ ಕುತ್ತಿಗೆ ಮೇಲಿತ್ತು."

"ಸುಳ್ಳು," ಎಂದ ಅಳಿಯ. ವಿನಯ ಹೋಗಿತ್ತು. "ಅವಳಪ್ಪ ಯಾಕೆ ಹಾಗೆ ಹೇಳಬೇಕು?"

ಅವಳು ಶಾಲನ್ನು ಗಲ್ಲದಿಂದ ಕೆಳಕ್ಕೆ ಎಳೆದಳು. ಗಂಟಲ ಎರಡೂ ಬದಿಗೆ ಬೆರಳಿನ ಗುರುತುಗಳಿದ್ದವು. ಕೆಲವು ಹಳದಿ, ಕೆಲವು ಇನ್ನೂ ನೀಲಿ. ಡಾಕ್ಟರು ಅರ್ಧ ಎದ್ದು ಮತ್ತೆ ಕೂತರು. ಇನ್‌ಸ್ಪೆಕ್ಟರ್ ನಡೆದುಹೋಗಿ ಡ್ರೈವರನ ಬೇಡಿ ಬಿಚ್ಚಿದ. ಅದೇ ಬೇಡಿಯನ್ನು ಹಿಡಿದುಕೊಂಡು ವೇದಿಕೆಗೆ ವಾಪಸು ಬಂದ. ಅಳಿಯ ಆ ದಪ್ಪ ಕುತ್ತಿಗೆಯನ್ನು ತಿರುಗಿಸಿ ತಿರುಗಿಸಿ ಎಲ್ಲರ ಮುಖ ನೋಡಿದ, ಯಾರಾದರೂ ತನ್ನ ಪರವಾಗಿ ಉತ್ತರ ಕೊಟ್ಟಾರು ಎಂಬಂತೆ. ಅವನನ್ನು ಕರೆದುಕೊಂಡು ಹೋಗುವಾಗ ಖಾಲಿ ಸಭಾಂಗಣದಲ್ಲಿ ಬೂಟುಗಳ ಸದ್ದು ಬಹಳ ಹೊತ್ತು ಉಳಿಯಿತು.

ಡ್ರೈವರ್ ವೇದಿಕೆಯ ಅಂಚಿನಲ್ಲಿ ಕುಸಿದು ಕೂತ. ಹಾಗಾದರೆ ಆ ಧಡ್ ಎಂದದ್ದು ಕಲ್ಲೇನಾ ಎಂದು ಮಗುವಿನಂತೆ ಕೇಳಿದ. ಕಲ್ಲೇ ಎಂದರು ಚಿಕ್ಕಮ್ಮ. ಅವನು ಆಗ ಅಳಲು ಶುರು ಮಾಡಿದ.

ಅವನ ಹೆಂಡತಿ ಮಾತ್ರ ಅಳಲಿಲ್ಲ. ನೇರ ಮೆಟ್ಟಿಲು ಹತ್ತಿ ಮೇಷ್ಟ್ರ ಮಗಳ ಮುಂದೆ ನಿಂತಳು.

"ನೀನು ನಿನ್ನ ಗಂಡನ ಕುತ್ತಿಗೆ ನೋಡ್ತಾ ಕೂತಿದ್ದೆ," ಎಂದಳು. "ಇಲ್ಲಿ ನನ್ನ ಗಂಡನ ಕುತ್ತಿಗೆಗೆ ಉರುಳು ಬೀಳ್ತಿತ್ತು. ನಿನ್ನೆಯಿಂದ. ಗೊತ್ತಿತ್ತು ನಿಂಗೆ."

"ಗೊತ್ತಿತ್ತು," ಎಂದಳು ಮಗಳು. ಕ್ಷಮಿಸು ಎನ್ನಲಿಲ್ಲ. ಹೊಡೆತಕ್ಕೆ ತಯಾರಾದವಳ ಹಾಗೆ ಕಣ್ಣು ಮುಚ್ಚಿದಳು. ಆ ತಯಾರಿ ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನೋಡಿದ ನನಗೇ ನಾಚಿಕೆಯಾಯಿತು.

ಬೇಕರಿಯ ಹೆಂಗಸು ಅದನ್ನು ನೋಡಿದಳು. ಬಗ್ಗಿ, ಜಾರಿಬಿದ್ದ ಶಾಲನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು. ಕತ್ತಿಗೆ ಸುತ್ತಲಿಲ್ಲ.

"ಆ ಮನೆಗ್ಯಾಕೆ ಹೋಗ್ತೀಯ ಈಗ," ಎಂದಳು, ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಏಳು. ನಮ್ಮಲ್ಲಿ ಒಲೆ ಬೆಚ್ಚಗಿರುತ್ತೆ."